ಉಮ್ಸುನ್ ಕರೆಯಲಾರದ ಹೆಸರು

ಉಮ್ಸುನ್ ತೀರಿಕೊಂಡು ನಿನ್ನೆಗೆ ನಲವತ್ತು ದಿನ. ಅವಳ ಮನೆಯ ಅಂಗಳದಲ್ಲಿ ಕುರಿ ಕೊಯ್ದು, ಕಡಾಯಿ ತುಂಬ ಬೋರ್ಸೊಕ್ ಎಂಬ ಹಿಟ್ಟಿನ ತುಣುಕುಗಳನ್ನು ಕರಿದು, ಬಂದವರಿಗೆಲ್ಲ ಊಟ ಹಾಕಿದರು. ಬಂದವರಲ್ಲಿ ನೆಂಟರಿಗಿಂತ ಹಾಸ್ಟೆಲಿನಲ್ಲಿ ಅವಳ ಕೈಯಲ್ಲಿ ಬೆಳೆದವರೇ ಹೆಚ್ಚಿದ್ದರು. ಒಬ್ಬೊಬ್ಬರೂ ಅವಳ ಒಂದೊಂದು ಕಥೆ ಹೇಳಿದರು. ನಾನೂ ಒಂದು ಹೇಳಬೇಕೆಂದಿದ್ದೆ, ಆಗಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾರಿನ್ ಪಟ್ಟಣದ ನಮ್ಮ ವಸತಿಶಾಲೆಯಲ್ಲಿ ನಾನು ಸಾಹಿತ್ಯದ ಪಾಠ ಹೇಳುತ್ತಿದ್ದೆ, ಉಮ್ಸುನ್ ಹುಡುಗಿಯರ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದಳು. ಮಕ್ಕಳೆಲ್ಲ ದೂರದ ಮೇಲಿನ ಕಣಿವೆಗಳ ಕುರಿಗಾಹಿಗಳ ಮಕ್ಕಳು. ಅವರಿಗೆ ಅವಳು ಉಮ್ಸುನ್ ಎಜೆ, ಅಕ್ಕ. ಹೊಸದಾಗಿ ಬಂದವರನ್ನು ಅವಳು "ಅಳಬೇಡ" ಎಂದು ಒಮ್ಮೆಯೂ ಸಮಾಧಾನ ಮಾಡಿದ್ದನ್ನು ನಾನು ಕಾಣೆ. "ನಿಮ್ಮನೆ ಕುದುರೆ ಯಾವ ಬಣ್ಣ?" ಎಂದು ಕೇಳುತ್ತಿದ್ದಳು. ಅಳುವ ಮಗು ತಡವರಿಸುತ್ತ ಕುದುರೆಯ ಬಣ್ಣ ಹೇಳಿ, ಅದರ ತುಂಟತನ ಹೇಳಿ, ಅದು ಅಪ್ಪನನ್ನು ಕೆಡವಿದ್ದನ್ನೂ ಹೇಳುವ ಹೊತ್ತಿಗೆ ಅವಳು ಕೈಗೆ ಚಾಕು ಕೊಟ್ಟು ಆಲೂಗೆಡ್ಡೆಯ ಬುಟ್ಟಿ ಮುಂದಿಟ್ಟಿರುತ್ತಿದ್ದಳು. ಪ್ರತಿ ಶುಕ್ರವಾರ ಹಾಸ್ಟೆಲಿನಲ್ಲಿ ಆರ್ಚಾ ಸೊಪ್ಪಿನ ಹೊಗೆ ಹಾಕುತ್ತಿದ್ದಳು. ಮುಖ್ಯೋಪಾಧ್ಯಾಯರು ಬೈದರೆ, "ಮನೆ ವಾಸನೆ ಇಲ್ದಿದ್ರೆ ನಿದ್ದೆ ಎಲ್ಲಿ ಬರತ್ತೆ? ನಿಮಗೆ ಬರತ್ತಾ?" ಎಂದು ಅವರನ್ನೇ ಕೇಳುತ್ತಿದ್ದಳು.

ಒಂದು ಶರತ್ಕಾಲದಲ್ಲಿ ಅಕ್ಸಾಯ್ ಕಣಿವೆಯಿಂದ ಹದಿನಾಲ್ಕು ವರ್ಷದ ಹುಡುಗಿ ಬಂದಳು. ಹೆಸರು ಬುರುಲ್. ತಾಯಿ ಇಲ್ಲ, ಅಪ್ಪ ಸದಾ ಕುರಿಗಳ ಹಿಂದೆ. ಅವಳನ್ನು ಸಾಕಿದ ಅಜ್ಜಿ ಆ ಬೇಸಿಗೆಯಲ್ಲಿ ಸತ್ತಿದ್ದಳು, ಹುಡುಗಿಗಿದ್ದದ್ದು ಅಜ್ಜಿಯದೇ ಹೆಸರು. ಲೆಕ್ಕದಲ್ಲಿ ಬಲು ಚುರುಕು. ಆದರೆ ಯಾರೊಡನೆಯೂ ಮಾತಿಲ್ಲ. ಕುದುರೆಯ ಪ್ರಶ್ನೆಗೆ "ಬೂದು" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದಳಂತೆ.

ಉಮ್ಸುನ್ ಅವಳನ್ನು "ಅಕ್ಸಾಯ್ ಮಗಳೇ" ಎಂದು ಕರೆಯುತ್ತಿದ್ದಳು. ಸಂಜೆ ಹಾಜರಿ ಹಾಕುವಾಗ ಎಲ್ಲರ ಹೆಸರನ್ನೂ ಓದುತ್ತಿದ್ದವಳು ಇವಳ ಸಾಲಿಗೆ ಬಂದಾಗ ಬರಿದೆ ತಲೆಯೆತ್ತಿ ನೋಡಿ ಗುರುತು ಹಾಕುತ್ತಿದ್ದಳು. ಎರಡು ವಾರದಲ್ಲಿ ಹುಡುಗಿಯರಿಗೆ ಅದೇ ಆಟವಾಯಿತು. "ಏ ಹೆಸರಿಲ್ದೋಳೇ, ಉಪ್ಪು ಕೊಡೇ!"

ಅಕ್ಟೋಬರ್ ಕೊನೆಗೆ ಉಣ್ಣೆ ತುಂಬಿ ತಂದಿದ್ದ ಲಾರಿ ಅಕ್ಸಾಯ್‌ಗೆ ವಾಪಸು ಹೊರಟಿತ್ತು. ಆ ವರ್ಷದ ಕೊನೆಯ ಲಾರಿ ಅದು. ಹಿಮ ಬಿದ್ದರೆ ಕಣಿವೆಯ ದಾರಿ ವಸಂತದವರೆಗೆ ಮುಚ್ಚಿದಂತೆಯೇ. ಮಧ್ಯಾಹ್ನ ನಾನು ಶಾಲೆಯ ಅಂಗಳಕ್ಕೆ ಬಂದರೆ ಬುರುಲ್ ಗಂಟುಮೂಟೆ ಸಮೇತ ಲಾರಿಯ ಹಿಂದೆ ಹತ್ತಿ ಕುಳಿತಿದ್ದಳು.

"ಇಳಿಯಮ್ಮ. ಈಗ ಹೋದ್ರೆ ಈ ವರ್ಷದ ಓದು ಮುಗೀತು," ಎಂದೆ.

"ಮುಗೀಲಿ."

"ಮುಂದಿನ ವರ್ಷ ಕಳಿಸ್ತಾರೆ ಅಂದ್ಕೊಂಡಿದೀಯಾ? ಮದುವೆ ಮಾಡ್ತಾರೆ."

"ಮಾಡ್ಲಿ. ಅಲ್ಲಿ ಕುರಿಗಳಿಗೂ ಹೆಸರಿದೆ. ಇಲ್ಲಿ ನಂಗಿಲ್ಲ. ಎಜೆ ನಮ್ಮಜ್ಜಿ ಹೆಸರು ಬಾಯಲ್ಲಿ ತಗೊಳೋದೇ ಇಲ್ಲ, ಅಸಹ್ಯ ಅನ್ನೋ ಹಾಗೆ."

ನಾನು ಬಟ್ಟೆ ಒಗೆಯುವ ಕೋಣೆಗೆ ಓಡಿದೆ. ಸಂಗತಿ ಕೇಳಿ ಉಮ್ಸುನ್ ಮೊದಲು ನಕ್ಕಳು. "ಅಯ್ಯೋ, ಅದು ನಮ್ಮ ಅಪಾ ಹೆಸರಲ್ವಾ!" ಎಂದಳು. ಆಮೇಲೆ ಅವಳ ಮುಖ ಬಿಳಿಚಿತು.

ಅಪಾಳ ಹೆಸರೂ ಬುರುಲ್ ಎಂದು ನನಗೂ ಗೊತ್ತಿರಲಿಲ್ಲ. ಅವಳ ಅತ್ತೆಯನ್ನು ಬೀದಿಯವರೆಲ್ಲ ಅಪಾ ಎಂದೇ ಕರೆಯುತ್ತಿದ್ದೆವು. ಸೊಸೆ ಅತ್ತೆ ಮಾವಂದಿರ ಹೆಸರು ಹೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಗುಡ್ಡದ ಹುಡುಗಿ ತಾನಾಗಿ ಅರ್ಥ ಮಾಡಿಕೊಂಡಿರುತ್ತಾಳೆ ಎಂದು ಉಮ್ಸುನ್ ತಿಳಿದಿದ್ದಳು. ಆದರೆ ಅಜ್ಜಿಯೊಬ್ಬಳೇ ಇದ್ದ ಗುಡಾರದಲ್ಲಿ ಬೆಳೆದ ಹುಡುಗಿಗೆ ಸೊಸೆಯರ ಕಷ್ಟ ಹೇಗೆ ತಿಳಿಯಬೇಕು?

ಸಾಬೂನಿನ ಕೈಯಲ್ಲೇ ಅವಳು ಲಾರಿಯ ಬಳಿಗೆ ಹೋದಳು. ಚಾಲಕ ಜುಮಾಶ್ ಆಗಲೇ ಎಂಜಿನ್ ಚಾಲೂ ಮಾಡಿದ್ದ.

"ಮಗಳೇ, ಅದು ನಮ್ಮತ್ತೆ ಹೆಸರು. ಅದಕ್ಕೇ ಹೇಳ್ಲಿಲ್ಲ."

"ಸುಳ್ಳು," ಎಂದಳು ಹುಡುಗಿ. "ನೀವೆಲ್ಲ ಹಾಗೇನೇ."

ಉಮ್ಸುನ್ ಬಾಯಿ ತೆರೆದಳು. ಇಪ್ಪತ್ತಮೂರು ವರ್ಷ ಹೇಳದೆ ಉಳಿಸಿದ್ದ ಹೆಸರು. ತುಟಿ ಅಲುಗಿತು, ದನಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಕಣ್ಣಲ್ಲಿ ನೀರು ಬಂತು, ಹೆಸರು ಬರಲಿಲ್ಲ. ನಾನೇ ಹೇಳಬಹುದಿತ್ತು, ಆದರೆ ಹುಡುಗಿಗೆ ಬೇಕಾಗಿದ್ದದ್ದು ನನ್ನ ಬಾಯಿಂದಲ್ಲ. ನಾನು ಪಕ್ಕದಲ್ಲೇ ಇದ್ದ ಅವರ ಮನೆಗೆ ಹೋಗಿ ಅಪಾಳನ್ನು ಕರೆತಂದೆ.

ಮುದುಕಿ ಕೋಲೂರಿಕೊಂಡು ಬಂದು ಲಾರಿಯ ಮುಂದೆಯೇ ನಿಂತಳು.

"ಏನೇ ಸೊಸೆ, ನನ್ನ ಹೆಸರಿಗೆ ಒಂದು ಹುಡುಗಿ ಓದು ಬಿಟ್ಟು ಓಡ್ತಾ ಇದಾಳಂತೆ?"

"ಅಪಾ, ನಾನು ಹೇಗೆ..."

"ಹೇಳೇ! ನೀನು ಹೇಳಿದ ಮಾತ್ರಕ್ಕೆ ನಾನು ಸತ್ತು ಹೋಗ್ತೀನಾ? ಸತ್ರೂ ಎಂಬತ್ತಾಯ್ತು, ಯಾರಿಗೇನು ನಷ್ಟ!"

ಉಮ್ಸುನ್ ಅತ್ತೆಯ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟು ಬಾಗಿದಳು. ಆಮೇಲೆ ಹುಡುಗಿಯ ಕಡೆ ತಿರುಗಿ ಉಸಿರಿನಷ್ಟು ಮೆಲ್ಲಗೆ ಹೇಳಿದಳು, "ಬುರುಲ್."

"ಇನ್ನೊಂದ್ಸಲ ಹೇಳು ಎಜೆ," ಎಂದು ಜುಮಾಶ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಎಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ!"

"ಆರಿಸೋ ಅದನ್ನ, ಕತ್ತೆ!" ಎಂದಳು ಮುದುಕಿ.

ಅವನು ಆರಿಸಿದ. ಅಂಗಳ ನಿಶ್ಶಬ್ದವಾಯಿತು. ಹುಡುಗಿಯರು ಕಿಟಕಿಗಳಲ್ಲಿ ಸಾಲಾಗಿ ನಿಂತಿದ್ದರು. "ಬುರುಲ್, ಇಳಿಯಮ್ಮ," ಎಂದಳು ಉಮ್ಸುನ್, ಈಗ ಎಲ್ಲರಿಗೂ ಕೇಳುವಂತೆ. ಹೇಳುತ್ತಲೇ ಅವಳ ಕುತ್ತಿಗೆ ಕೆಂಪೇರಿತು, ಹೊಸ ಸೊಸೆಯಂತೆ ತಲೆವಸ್ತ್ರ ಮುಂದಕ್ಕೆಳೆದು ಮುಖ ಮುಚ್ಚಿಕೊಂಡಳು.

ಹುಡುಗಿ ತಕ್ಷಣ ಇಳಿಯಲಿಲ್ಲ. ಮುದುಕಿಯನ್ನು ನೋಡುತ್ತ ಕುಳಿತಿದ್ದಳು. "ನಿಮ್ಮ ಹೆಸರು ನಿಜವಾಗ್ಲೂ ಬುರುಲಾ?" ಎಂದು ಕೇಳಿದಳು.

"ಮತ್ತೇನು, ಸುಮ್ಸುಮ್ನೆ ಈ ಚಳೀಲಿ ನಿಂತಿದೀನಾ? ಮೊಣಕಾಲು ಹಿಡ್ಕೊಂಡಿದೆ. ಬಾ, ಕೈ ಕೊಡು."

ಹುಡುಗಿ ಹಾರಿ ಇಳಿದು ಕೈ ಕೊಟ್ಟಳು. ಇಬ್ಬರೂ ಮೆಲ್ಲನೆ ಮನೆಯ ಕಡೆ ಹೊರಟರು. "ನಿನಗೆ ಈ ಹೆಸರಿಟ್ಟೋರು ಯಾರು?" ಎಂದು ಮುದುಕಿ ಕೇಳುತ್ತಿದ್ದಳು, ಹುಡುಗಿ ಮೊದಲ ಸಲ ಉದ್ದಕ್ಕೆ ಏನೋ ಹೇಳುತ್ತಿದ್ದಳು. ಉಮ್ಸುನ್ ಲಾರಿಯಿಂದ ಗಂಟು ಇಳಿಸಿಕೊಂಡು, ತಲೆವಸ್ತ್ರವನ್ನು ಹಿಂದಕ್ಕೆ ಸರಿಸಿ, ಜುಮಾಶ್‌ಗೆ ಹೇಳಿದಳು: "ಅವರಪ್ಪನಿಗೆ ಹೇಳು, ಮಗಳು ಇಲ್ಲೇ ಇರ್ತಾಳೆ ಅಂತ."