ಬಿಸಿಲಿಗಿಟ್ಟ ಡೊಳ್ಳು

ಮಹಾರಾಷ್ಟ್ರದ ಗಡಿಯೂರು ಉದಗೀರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಲಿಸಲು ಸೇರಿದ ಮೊದಲ ವರ್ಷ ನನ್ನ ಪಾಲಿಗೆ ಬಂದದ್ದು ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’. ನಾನೇ ಬಾಯಿಪಾಠ ಮಾಡಿ ಪಾಸಾದ ವಿಷಯ ಅದು. ಪುಸ್ತಕದ ಇಂಗ್ಲಿಷನ್ನು ಬೋರ್ಡಿನ ಮೇಲೆ ಇಳಿಸುತ್ತಿದ್ದೆ, ನಡುನಡುವೆ ಮರಾಠಿಯಲ್ಲಿ ‘ಸಮಜಲಂ ಕಾ?’, ತಿಳಿಯಿತಾ, ಎನ್ನುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಯಾರಾದರೂ ಪ್ರಶ್ನೆ ಕೇಳಿಬಿಟ್ಟಾರು ಎಂದು ನನಗೇ ಅಂಜಿಕೆ.

ಮೊದಲ ಟೆಸ್ಟಿನಲ್ಲಿ ಒಬ್ಬ ಹುಡುಗಿ ಖಾಲಿ ಹಾಳೆ ಕೊಟ್ಟಳು. ಕೊನೆಯ ಬೆಂಚಿನಾಕೆ. ಸ್ಟಾಫ್ ರೂಮಿಗೆ ಕರೆದು ಮರಾಠಿಯಲ್ಲಿ ಕಾರಣ ಕೇಳಿದೆ. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಗಾಬರಿಯಿಂದ ಎತ್ತಿ, “ಅಪ್ಪಾ, ಮೇಡಂ ಹತ್ರ ಇದ್ದೀನಿ, ಆಮ್ಯಾಲ ಮಾತಾಡ್ತೀನಿ” ಅಂದಳು.

“ಮನ್ಯಾಗ ಕನ್ನಡ ಮಾತಾಡ್ತೀರೇನು?” ಅಂದೆ.

ಆಕೆ ಕಣ್ಣರಳಿಸಿದಳು. “ಮೇಡಂ, ನಿಮಗ ಕನ್ನಡ ಬರ್ತದಾ?”

ನನ್ನೂರು ಗುಂಜೋಟಿಯ ನಮ್ಮ ಮನೆಯಲ್ಲಿ ನನ್ನ ತಾಯಿ ಕನ್ನಡ ಬಿಟ್ಟು ಬೇರೆ ಭಾಷೆಯನ್ನೇ ಆಡಿದವಳಲ್ಲ. ಆದರೆ ಶಾಲೆಯಲ್ಲಿ ಹುಡುಗರು ಅಣಕಿಸಿದ ಮೇಲೆ ಹೊರಗೆ ಕನ್ನಡ ಆಡುವುದನ್ನು ನಾನು ಬಿಟ್ಟಿದ್ದೆ. ಆ ದಿನ ಕುರ್ಚಿ ಎಳೆದು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಟೆಸ್ಟಿನ ಮೊದಲ ಪ್ರಶ್ನೆಯನ್ನು ಕನ್ನಡದಲ್ಲೇ ಬಿಡಿಸಿ ಹೇಳತೊಡಗಿದೆ.

“ಒಂದು ಸಿಸ್ಟಮ್ಮಿನ್ಯಾಗ ಇವತ್ತು ಸಿಗ್ನಲ್ ಹಾಕಿದ್ದಕ್ಕ ಏನು ಹೊರಗ ಬರ್ತದೋ, ನಾಳಿ ಅದನ್ನೇ ಹಾಕಿದ್ರೂ ಹಂಗೇ ಬರಬೇಕು. ಅಂಥ ಸಿಸ್ಟಮ್ ಕಾಲಕ್ಕ ಬದಲಾಗಂಗಿಲ್ಲ. ಈಗ ಡೊಳ್ಳು ತೊಗೊ. ಇವತ್ತು ಬಡಿ, ನಾಳಿ ಬಡಿ, ಅದೇ ದನಿ.”

“ಹಂಗ ಇರಂಗಿಲ್ರಿ ಮೇಡಂ,” ಅಂದಳು ಮೆಲ್ಲಗೆ. “ನಮ್ಮಪ್ಪ ಬೀರಪ್ಪನ ಗುಡಿಯಾಗ ಡೊಳ್ಳು ಬಾರಸ್ತಾನ. ಮಳಿಗಾಲದಾಗ ತೊಗಲು ತಣ್ಣಗ ಆಗಿ ದಬ್ ಅಂತದ. ಬಿಸಿಲಿಗಿಟ್ಟು ಬಡದ್ರ ಢಣ್ ಅಂತದ. ಪೆಟ್ಟು ಅದೇ, ದನಿ ಬ್ಯಾರೆ.”

“ಅದೆಲ್ಲ ಪರೀಕ್ಷಾದಾಗ ಬರಂಗಿಲ್ಲ,” ಎಂದು ಮಾತು ಮುಗಿಸಿಬಿಟ್ಟೆ. ಆಕೆ ಚೀಲ ಎತ್ತಿಕೊಂಡು ಹೊರಟುಹೋದಳು.

ಸಂಜೆ ಮನೆಗೆ ಬಂದು ಪುಸ್ತಕ ತೆರೆದಾಗ ನಾಚಿಕೆಯಾಯಿತು. ಮುಂದಿನ ಪುಟದಲ್ಲೇ ಕಾಲಕ್ಕೆ ಬದಲಾಗುವ ಸಿಸ್ಟಮ್ಮಿನ ಮಾತಿತ್ತು. ಉದಾಹರಣೆ ಮಾತ್ರ ಇರಲಿಲ್ಲ. ಅದನ್ನು ಆಕೆ ಕೊಟ್ಟಿದ್ದಳು, ನಾನು ಬೇಡವೆಂದಿದ್ದೆ. ಮರುದಿನ ಹೋಗಿ, “ನೀ ಅಂದದ್ದೇ ಖರೆ ಅದ. ಕ್ಲಾಸಿನ್ಯಾಗ ಎದ್ದು ಹೇಳ್ತೀಯೇನು?” ಅಂದೆ. ಹೇಳಲಾರೆ ಎಂದು ಕೈಯಾಡಿಸಿದಳು. ಆಮೇಲೆ ತಾನೇ, “ಅಪ್ಪಗ ಕರಕೊಂಡು ಬರ್ಲ್ಯಾ?” ಅಂದಳು.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಅವಳ ತಂದೆ ತಮ್ಮೂರಾದ ಔರಾದ ಶಹಾಜನಿ ಕಡೆಯಿಂದ ಬಸ್ಸಿನಲ್ಲಿ ಡೊಳ್ಳು ಹೊತ್ತು ಬಂದರು. ತಲೆಗೆ ರುಮಾಲು, ಬಾಗಿಲ ಹೊರಗೇ ಬಿಟ್ಟ ಚಪ್ಪಲಿ. ಹುಡುಗರು ಕಿಸಕ್ಕನೆ ನಕ್ಕರು. ಅವರು ಒಂದು ಪೆಟ್ಟು ಹಾಕಿದರು, ನಾನು ಲ್ಯಾಪ್‌ಟಾಪಿನಲ್ಲಿ ದನಿ ಹಿಡಿದೆ. ಡೊಳ್ಳನ್ನು ಅಂಗಳದ ಬಿಸಿಲಿನಲ್ಲಿಟ್ಟು ಎಲ್ಲರೂ ಕಾದೆವು. ಮತ್ತೊಂದು ಪೆಟ್ಟು. ತೆರೆಯ ಮೇಲೆ ಎರಡು ಗೆರೆಗಳನ್ನು ಒಂದರ ಕೆಳಗೊಂದು ತೋರಿಸಿದೆ. ಎರಡನೆಯದರಲ್ಲಿ ಅಲೆಗಳು ಒತ್ತೊತ್ತಾಗಿದ್ದವು, ಅಂದರೆ ದನಿಯ ಶ್ರುತಿ ಏರಿತ್ತು. ನಗು ಅಡಗಿತು.

ಮುಂದಿನ ಬೆಂಚಿನ ಹುಡುಗನೊಬ್ಬ, ಜೋರಾಗಿ ಬಡಿದದ್ದಕ್ಕೇ ಹಾಗಾಗಿರಬಹುದಲ್ಲ ಎಂದು ಮರಾಠಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಆಕೆ ಎದ್ದು ನಿಂತಳು. ತಪ್ಪು ತಪ್ಪು ಮರಾಠಿಯಲ್ಲೇ ಹೇಳಿದಳು: ಜೋರಾಗಿ ಬಡಿದರೆ ಅಲೆ ಎತ್ತರವಾಗುತ್ತದೆ, ಇಷ್ಟು ಒತ್ತಾಗುವುದಿಲ್ಲ. ಆಮೇಲೆ ಕನ್ನಡದಲ್ಲಿ, “ಅಪ್ಪಾ, ಇನ್ನೊಮ್ಮಿ ಮೆಲ್ಲಕ ಬಡಿ.” ಅವರು ಮೆಲ್ಲಗೆ ಬಡಿದರು. ಅಲೆ ಗಿಡ್ಡಾಯಿತು, ಆದರೂ ಮೊದಲಿನ ಹಾಗೇ ಒತ್ತಾಗಿತ್ತು. ಹುಡುಗ ಒಪ್ಪಿಕೊಂಡು ಕೂತ.

ಹೊರಡುವಾಗ ಅವಳ ತಂದೆ ಕೇಳಿದರು, “ಮೇಡಂ ಬಾಯಾರ, ಇದಕ್ಕ ಪರೀಕ್ಷಾದಾಗ ಮಾರ್ಕ್ ಕೊಡ್ತಾರೇನ್ರಿ?”

“ಇಲ್ರಿ ಕಾಕಾ. ಖರೆ ಅಂದ್ರ ಕೊಡಬೇಕಿತ್ತು.”

“ಹೋಗ್ಲಿ ಬಿಡ್ರಿ,” ಎಂದು ನಕ್ಕರು. ತೊಗಲಿನ ಮೇಲೊಮ್ಮೆ ಅಂಗೈ ಆಡಿಸಿ ಡೊಳ್ಳು ಹೆಗಲಿಗೇರಿಸಿದರು.

ಆಕೆ ಆ ವಿಷಯದಲ್ಲಿ ಭಾರಿ ಅಂಕವನ್ನೇನೂ ಪಡೆಯಲಿಲ್ಲ, ಆದರೆ ಪಾಸಾದಳು. ಈ ವರ್ಷ ಹಾಸ್ಟೆಲಿನಲ್ಲಿ ಕಿರಿಯರಿಗೆ ಅದನ್ನೇ ಹೇಳಿಕೊಡುತ್ತಿದ್ದಾಳೆ. ಅವಳಿಂದ ಕಲಿತು ಬಂದ ಮಕ್ಕಳು ನನ್ನ ಕ್ಲಾಸಿನಲ್ಲಿ ಬಹಳ ಪ್ರಶ್ನೆ ಕೇಳುತ್ತಾರೆ. ಕೆಲವಕ್ಕೆ ನಾಳೆ ಹೇಳುತ್ತೇನೆ ಎಂದು ಟೈಮು ತೆಗೆದುಕೊಳ್ಳುತ್ತೇನೆ.