ಪೀಣ್ಯದ ಶೆಡ್ಡಿನಲ್ಲಿ ದಾದರ್ ಟ್ರಾಮು

ಕಾಕಾ ಅವರ ಬಲಗಾಲಿನ ಹೆಬ್ಬೆರಳಿಗೆ ಉಗುರೇ ನಿಲ್ಲುತ್ತಿರಲಿಲ್ಲ. ಒಂದು ಬೆಳೆಯುವಷ್ಟರಲ್ಲಿ ಮತ್ತೆ ಎಲ್ಲೋ ಎಡವಿ ಒಡೆದುಕೊಂಡು ಬರುತ್ತಿದ್ದರು. ತಪ್ಪು ಕಲ್ಲಿನದಲ್ಲ. ನಡೆಯುವಾಗ ಅವರು ನೆಲ ನೋಡುತ್ತಿರಲಿಲ್ಲ, ತಲೆಯ ಮೇಲಿನ ಕರೆಂಟು ತಂತಿ ನೋಡುತ್ತಿದ್ದರು. ಪೀಣ್ಯದ ರಸ್ತೆಗಳಲ್ಲಿ ಹಾಗೆ ನಡೆದೂ ಬರೀ ಹೆಬ್ಬೆರಳಿನಲ್ಲಿ ಪಾರಾದರೆಂದರೆ ಹಿರಿಯರ ಪುಣ್ಯ ದೊಡ್ಡದಿತ್ತು ಅನ್ನಬೇಕು.

ನಾನು ಆಗ ಮೋಟಾರು ರೀವೈಂಡಿಂಗ್ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ತಂತಿ ಸುತ್ತುತ್ತಿದ್ದೆ. ಗೋಡೆಯಾಚೆ ಡೈ, ಅಂದರೆ ತಗಡು ಒತ್ತುವ ಉಕ್ಕಿನ ಅಚ್ಚು, ಮಾಡುವ ಶೆಡ್ಡು. ಅವರು ಅಲ್ಲಿ ಫಿಟ್ಟರ್. ವಿಜಾಪುರದ ಕಡೆಯವರು, ಬೆಳೆದದ್ದು ಮಾತ್ರ ಬೊಂಬಾಯಿಯ ಸಾಲುಕೋಣೆಗಳ ಚಾಳಿನಲ್ಲಿ. ಇಡೀ ಬೀದಿಗೆ ಅವರು ಕಾಕಾ. ನಿವೃತ್ತಿಯಾದ ಮೇಲೂ ಆ ಶೆಡ್ಡಿನ ಮಾಲೀಕರು ಹಿಂದಿನ ಕೋಣೆಯನ್ನು ಅವರಿಗೇ ಬಿಟ್ಟಿದ್ದರು. ಕೈಕೊಟ್ಟ ಡೈಗಳನ್ನು ಸರಿಮಾಡಲು ಅವರೇ ಬೇಕಾಗಿತ್ತು.

ಒಂದು ದಿನ ಹಳೆಯ ಟೇಪ್ ರೆಕಾರ್ಡರಿನ ಸುಟ್ಟ ಮೋಟಾರೊಂದನ್ನು ಹಿಡಿದು ಬಂದರು. "ಯವ್ವಾ, ಇದಕ್ಕ ತಂತಿ ಸುತ್ತಿಕೊಡ್ತೀಯೇನು?" ನಮ್ಮ ಕಾರ್ಖಾನೆಯ ಮಾಲೀಕರು ನಕ್ಕರು. "ಏನ್ ಕಾಕಾ, ಬೋರ್‌ವೆಲ್ ಮೋಟ್ರು ಸುತ್ತೋರ ಹತ್ರ ಸೊಳ್ಳೆ ಮೋಟ್ರು ತಂದಿದೀರಲ್ಲ!" ನನಗೆ ಹಟ ಹುಟ್ಟಿತು, ತೆಗೆದುಕೊಂಡೆ. ಕೂದಲಿಗಿಂತ ತೆಳುವಾದ ತಂತಿ, ಎಂಟು ಸಲ ತುಂಡಾಯಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕಾಕಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದವರು, "ಎಳೀಬ್ಯಾಡ. ಅದು ಎಷ್ಟ ಬರತೈತಿ ಅಷ್ಟ ತಗೋ" ಅಂದರು. ಒಂಬತ್ತನೆಯ ಸಲ ತುಂಡಾಗಲಿಲ್ಲ.

ಆ ಮೋಟಾರು ಎಲ್ಲಿಗೆ ಹೋಗುತ್ತದೆಂದು ನೋಡಲು ಅವರ ಕೋಣೆಗೆ ಹೋದೆ. ಬಾಗಿಲು ತೆರೆದರೆ ಬೊಂಬಾಯಿ! ಗೋಡೆಯಿಂದ ಗೋಡೆಗೆ ಹಾಸಿದ ಹಲಗೆಯ ಮೇಲೆ ದಾದರಿನಿಂದ ಬೋರಿಬಂದರಿನ ತನಕ ಬೀದಿ, ಸೈಕಲ್ ಕಡ್ಡಿಯ ದೀಪದ ಕಂಬಗಳು, ಬೀದಿಯ ನಡುವೆ ಹಳಿ, ಹಳಿಯ ಮೇಲೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಮಾಡಿದ ಎರಡಂತಸ್ತಿನ ಟ್ರಾಮು. ನಾನು ಸುತ್ತಿದ ಮೋಟಾರು ಅದರ ಹೊಟ್ಟೆಗೆ. ಟ್ರಾಮಿನ ನೆತ್ತಿಯ ಮೇಲೊಂದು ಸಪೂರ ಕೋಲು. ಅದರ ತುದಿ ಕಂಬದಿಂದ ಕಂಬಕ್ಕೆ ಎಳೆದ ತಂತಿಗೆ ತಾಗಿದ್ದರೆ ಮಾತ್ರ ಗಾಡಿಗೆ ಕರೆಂಟು. ಹಳಿಯಿಂದಲೇ ಕರೆಂಟು ಕೊಟ್ಟರೆ ಸಲೀಸಲ್ಲವೇ ಎಂದು ಕೇಳಿದ್ದಕ್ಕೆ, "ಕೆಳಗಿಂದ ಬಂದ್ರ ಅದು ಆಟಿಗಿ ಸಾಮಾನ" ಎಂದು ಮುಖ ತಿರುಗಿಸಿದರು.

ಆ ಕೋಲು ಯಾವಾಗಲೂ ಹಿಂದಕ್ಕೆ ಬಾಗಿರಬೇಕು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರು ಇಳಿದು, ಹಗ್ಗ ಹಿಡಿದು, ಕೋಲನ್ನು ಸುತ್ತು ತಿರುಗಿಸಿ ಮತ್ತೆ ತಂತಿಗೆ ಕೂರಿಸಿದ ಮೇಲೆಯೇ ಗಾಡಿ ವಾಪಸು ಹೊರಡುವುದು. ಕಾಕಾ ಹಲಗೆಯ ಆ ತುದಿಗೆ ನಡೆದುಹೋಗಿ ನೂಲಿನೆಳೆ ಹಿಡಿದು ಅದನ್ನೇ ಮಾಡುತ್ತಿದ್ದರು. ಒಮ್ಮೆ ನಾನು ಜಾಣತನ ತೋರಿಸಲು ಹೋಗಿ, ಕೋಲು ತಿರುಗಿಸದೆ ವಾಪಸಿನ ಸ್ವಿಚ್ಚು ಒತ್ತಿಬಿಟ್ಟೆ. ಕೋಲು ಮುಂದಾಗಿ ತಂತಿಗೆ ಸಿಕ್ಕಿ, ಮೂರು ಕಂಬ ಕಿತ್ತುಕೊಂಡು ಬಂತು. ತಿಂಗಳ ಕೆಲಸ ಮಣ್ಣುಪಾಲು.

ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಹೇಳಿದರು: "ನಮ್ಮಪ್ಪ ಕಂಡಕ್ಟರ್ ಇದ್ದ. ಬೊಂಬಾಯಿಯೊಳಗ ಟ್ರಾಮ್ ನಿಂತ ದಿನ, 'ಬಾರಲೇ, ಕಡೀ ಸಲ ನನ್ನ ಗಾಡ್ಯಾಗ ಕುಂದ್ರ ಬಾ' ಅಂದ. ಹಿಂದಿನ ದಿನ ನಾಕ ಮಂದಿ ಮುಂದ ಬೈದಿದ್ದ. ನನಗ ಸಿಟ್ಟು. ಹೋಗಲಿಲ್ಲ." ಕಿತ್ತುಬಂದ ಕಂಬವೊಂದನ್ನು ನೆಟ್ಟಗೆ ಮಾಡುತ್ತ, "ಒಂದ ಸಲ ಈ ಗಾಡಿ ಹೋಗಿ ಬರಬೇಕವಾ. ನಡುವ ಎಲ್ಲೂ ತಂತಿ ತಪ್ಪಬಾರದು. ಅಷ್ಟ ನಾ ನೋಡಬೇಕು" ಅಂದರು.

ಅಷ್ಟೇ ಅವರ ಆಸೆ, ಅದೇ ಕೈಗೂಡುತ್ತಿರಲಿಲ್ಲ. ಪ್ರತಿ ಸಲ ಎಲ್ಲಾದರೊಂದು ಕಡೆ ಕೋಲು ತಪ್ಪಿ ಟ್ರಾಮು ನಿಲ್ಲುತ್ತಿತ್ತು. ಅಷ್ಟರಲ್ಲಿ ಕಣ್ಣು ಮಂಜಾಗತೊಡಗಿತು. ನರ ಸೊರಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರಂತೆ ಡಾಕ್ಟರು.

ಆ ವರ್ಷಗಳಲ್ಲೇ ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಎದ್ದವು. ಕಾಕಾಗೆ ಮದುವೆಮನೆಯ ಸಂಭ್ರಮ. "ಕರೆಂಟಿನ ಗಾಡಿ ಅಂದ ಮ್ಯಾಲ ತಂತಿ ಎಳೀಲೇಬೇಕು" ಎಂದು ದಿನಾ ಕತ್ತೆತ್ತಿ ನೋಡುವರು. ರೈಲು ಶುರುವಾದಾಗ ಕೈಹಿಡಿದು ಕರೆದುಕೊಂಡು ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು, "ನನಗ ಕಾಣವಲ್ದು. ನೀ ನೋಡು, ತಂತಿ ಎಳದಾರೇನು?" ಅಂದರು.

"ಇಲ್ಲ ಕಾಕಾ. ಪಕ್ಕದಲ್ಲಿ ಇನ್ನೊಂದು ಹಳಿ ಇದೆ. ಕರೆಂಟು ಅದ್ರಲ್ಲೇ ಬರೋದಂತೆ."

ಅವರ ಮುಖ ಸಪ್ಪಗಾಯಿತು. ರೈಲು ಹತ್ತಿ ಹೋಗಿ ಬಂದೆವು. ಇಳಿಯುವಾಗ, "ಒಂದ್ ಸುಳ್ಳ ಹೇಳಿದ್ರ ನಿನ್ನ ಗಂಟೇನು ಹೋಗತಿತ್ತು?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬಾಗಲಗುಂಟೆಯ ನನ್ನ ಮನೆಗೆ ಬಂದು ಅಡುಗೆ ಮಾಡುವಾಗಲೂ ಆ ಮುಖವೇ ಕಣ್ಣಮುಂದೆ ಇತ್ತು.

ಆಮೇಲೆ ಮೋಟಾರನ್ನು ಹೊಸದಾಗಿ ಸುತ್ತಿದೆ, ಟ್ರಾಮಿನ ಮೇಲಿನ ತಂತಿಯನ್ನು ಅವರು ಬೆರಳಲ್ಲೇ ಸವರಿ ಬಿಗಿ ಮಾಡಿದರು. ಒಂದು ಭಾನುವಾರ ಮಧ್ಯಾಹ್ನ, ಅಕ್ಕಪಕ್ಕದ ಶೆಡ್ಡುಗಳ ತಗಡು ಒತ್ತುವ ಪ್ರೆಸ್ಸುಗಳೆಲ್ಲ ಸದ್ದಡಗಿ ನಿಂತಿದ್ದ ಹೊತ್ತಿನಲ್ಲಿ, ಟ್ರಾಮು ಹೊರಟಿತು. ದಾದರಿನಿಂದ ಬೋರಿಬಂದರಿಗೆ ತಪ್ಪದೆ ಹೋಯಿತು! "ಇಳದು ತಿರುಗಿಸು" ಎಂದರು. ತಿರುಗಿಸಿದೆ. ವಾಪಸು ಹೊರಟಿತು. ಕಾಕಾ ಎರಡೂ ಕೈ ಹಲಗೆಯ ಅಂಚಿಗಿಟ್ಟು, ಕಣ್ಣು ಅಗಲಿಸಿ ಏನನ್ನೂ ಕಾಣದೆ ನಿಂತಿದ್ದರು. ದಾದರಿಗೆ ಎರಡು ಗೇಣು ಇರುವಾಗ ಕೋಲು ತಪ್ಪಿತು.

ನಾನು ದಾದರಿನ ತನಕ ಟ್ರಾಮನ್ನು ಬೆರಳಿನಿಂದ ಮೆಲ್ಲಗೆ ತಳ್ಳಿಕೊಂಡು ಹೋದೆ.

"ಬಂತೇನವಾ?"

"ಬಂತು ಕಾಕಾ. ಎಲ್ಲೂ ತಪ್ಪಲಿಲ್ಲ."

ಅವರು ಒಂದು ಗಳಿಗೆ ತಲೆ ತಗ್ಗಿಸಿದರು. "ಹಂಗಾರ ಮಂದೀನ ಇಳಸು" ಎಂದು ಹೇಳಿ ಮುಖ ಒರೆಸಿಕೊಂಡರು.

ಮರುವರ್ಷ ಹುಬ್ಬಳ್ಳಿಯ ಮಗಳ ಮನೆಯಲ್ಲಿ ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಹನ್ನೊಂದನೆಯ ದಿನ ಕಳೆದ ಮೇಲೆ. ಇವತ್ತು ಕೂದಲೆಳೆ ತಂತಿಯ ಕೆಲಸವೆಂದರೆ ಪೀಣ್ಯದಲ್ಲಿ ನನ್ನ ಶೆಡ್ಡು ಹುಡುಕಿಕೊಂಡು ಬರುತ್ತಾರೆ. ಆ ಕೈ ಅವರು ಕೊಟ್ಟದ್ದು.

ಗೋಡೆಯಾಚೆಯಿಂದಲೇ ನಮ್ಮ ಮೋಟಾರುಗಳ ಸದ್ದು ಕೇಳಿ ಯಾವುದರ ಬೇರಿಂಗು ಹೋಗಿದೆ ಎಂದು ಹೇಳುತ್ತಿದ್ದ ಮನುಷ್ಯ. ಕಣ್ಣೆದುರಿನ ಮೋಟಾರು ಸುಮ್ಮನಾದದ್ದು ಅವರಿಗೆ ಕೇಳಿಸದೇ ಇದ್ದೀತೇ? ಕೇಳಿಸಿಯೂ ನನಗೋಸ್ಕರ ಸುಮ್ಮನಿದ್ದರು. ಒಂದು ಸಲ ಎದುರಿಗೆ ನಿಂತು ಹೇಳಬೇಕೆನಿಸುತ್ತದೆ: ಕಾಕಾ, ಅದು ಬರಲಿಲ್ಲ, ಎರಡು ಗೇಣು ನಾನೇ ತಳ್ಳಿದೆ. ಹೇಳಿ, ನಾಲ್ಕು ಜನರ ಮುಂದಾದರೂ ಸರಿ, ಚೆನ್ನಾಗಿ ಬೈಸಿಕೊಳ್ಳಬೇಕು. ಬೈಯುವವರೇ ಇಲ್ಲ.