ಸೆರಗಿನಡಿಯ ಚೀಲ

ಅಜ್ಜೀಪುರದ ಕೆಂಪಾಜಮ್ಮನ ಬಾಯಿಗೆ ಸಿಕ್ಕಿ ಮಾನ ಉಳಿಸಿಕೊಂಡವರು ಆ ಬೀದಿಯಲ್ಲಿ ಯಾರೂ ಇಲ್ಲ. ಡೈರಿಯಲ್ಲಿ ಹಾಲು ಅಳೆಯುವವನಿಗೆ ಕಣ್ಣು ಕಾಣುವುದಿಲ್ಲ, ಪಕ್ಕದ ಮನೆಯವಳಿಗೆ ಮುದ್ದೆ ಕಟ್ಟಲು ಬರುವುದಿಲ್ಲ, ಸೊಸೆ ಪವಿತ್ರಳಿಗಂತೂ ಏನೂ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಮಗ ನಿಂಗರಾಜುವನ್ನು ಸಾಕಿದ ಹೆಂಗಸು. ದುಡಿದದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ದುಡಿದವರೆಲ್ಲ ಊರಿನವರ ತಲೆ ಮೇಲೆ ಮೆಣಸು ಅರೆಯಬೇಕೆಂದು ಎಲ್ಲಿ ಬರೆದಿದೆ?

ಇಂಥವಳು ಕರಗುತ್ತಿದ್ದದ್ದು ಎರಡು ವರ್ಷದ ಮೊಮ್ಮಗ ಮಾದಸ್ವಾಮಿಯ ಮುಂದೆ ಮಾತ್ರ. ಹುಟ್ಟಿನಿಂದಲೇ ಅವನಿಗೆ ಮೂತ್ರ ಸರಿಯಾಗಿ ಹೊರಗೆ ಬರುತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಒಂದು ಕಿಡ್ನಿ ಸೊರಗಿಹೋಗಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿ, ಗಾಯ ಮಾಯುವವರೆಗೆ ಇರಲೆಂದು ನಳಿಕೆ ಹಾಕಿ, ಅದರ ತುದಿಗೆ ಮೂತ್ರ ತುಂಬುವ ಚೀಲ ಕಟ್ಟಿ ಕಳಿಸಿದ್ದರು. ಚೀಲ ಯಾವಾಗಲೂ ಮಗುವಿನ ಸೊಂಟಕ್ಕಿಂತ ಕೆಳಗಿರಬೇಕು, ಮೇಲೆತ್ತಿದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ, ಉಳಿದ ಕಿಡ್ನಿಗೂ ಪೆಟ್ಟು ಬೀಳುತ್ತದೆ ಎಂದು ನರ್ಸ್ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು. ಪವಿತ್ರ ಗಮನವಿಟ್ಟು ಕೇಳಿಸಿಕೊಂಡಳು. ಕೆಂಪಾಜಮ್ಮ ನರ್ಸಿನ ಕತ್ತರಿಸಿದ ಕೂದಲು ನೋಡುತ್ತ ಮೂಗು ಮುರಿಯುತ್ತಿದ್ದಳು.

ಊರಿಗೆ ಬಂದ ಮೇಲೆ ಅವಳಿಗೆ ಹತ್ತಿದ್ದು ಒಂದೇ ಚಿಂತೆ. ಮಗುವನ್ನು ಎತ್ತಿಕೊಂಡು ಬೀದಿಗೆ ಹೋದರೆ ಚೀಲ ಮೊಣಕಾಲ ಹತ್ತಿರ ನೇತಾಡುತ್ತದೆ, ಕಂಡವರೆಲ್ಲ ಕೇಳುತ್ತಾರೆ. ವಂಶಕ್ಕೊಬ್ಬ ಗಂಡುಮಗ, ನಾಳೆ ಇವನಿಗೆ ಯಾರು ಹೆಣ್ಣು ಕೊಡುತ್ತಾರೆ? ಹಾಲುಹಲ್ಲು ಪೂರ್ತಿ ಬಾರದ ಮಗುವಿಗೆ ಮದುವೆಯ ಚಿಂತೆ. ಆ ಬುದ್ಧಿಗೆ ಏನು ಹೇಳೋಣ. ಅಂತೂ ಉಪಾಯವೊಂದು ಹೊಳೆಯಿತು. ಚೀಲವನ್ನೆತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡು, ಅದರ ಮೇಲೆ ಸೆರಗು ಹೊದ್ದಳು. ಪವಿತ್ರ ಕಂಡು ಬೇಡವೆಂದರೆ, ನಿನ್ನಂಥ ಹತ್ತು ಜನಕ್ಕೆ ಹೆರಿಗೆ ಮಾಡಿಸಿದ್ದೇನೆ ಎಂದು ಬಾಯಿ ಮುಚ್ಚಿಸಿದಳು. ಹಾಗೇ ಡೈರಿಗೆ, ಅಂಗಡಿಗೆ, ಮಾದಪ್ಪನ ಗುಡಿಗೆ ದಿನಾ ಮೆರವಣಿಗೆ.

ವಾರ ಕಳೆಯುವುದರೊಳಗೆ ಮಗುವಿಗೆ ನಡುಕ ಬಂತು, ಮೈ ಕೆಂಡವಾಯಿತು. ಚೀಲದ ಮೂತ್ರ ಕದಡಿ ನಾರತೊಡಗಿತು. ಎದುರುಮನೆಯವಳ ದೃಷ್ಟಿ ಎಂದು ಕೆಂಪಾಜಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅದಕ್ಕೂ ಇಳಿಯದಿದ್ದಾಗ ಸೊಸೆಯ ಕೈಗುಣ ಎಂದಳು. ತಾಯಿಯ ಮುಂದೆ ಕೋಲೆಬಸವನಂತಿದ್ದ ನಿಂಗರಾಜು ಒಂದು ದಿನ ಹಾಳು ಮಾಡಿ, ಕಡೆಗೆ ಪವಿತ್ರಳ ಅಳು ತಡೆಯಲಾರದೆ ಕೊಳ್ಳೇಗಾಲಕ್ಕೆ ಆಟೋ ಕರೆದ.

ಅಲ್ಲಿ ಡಾಕ್ಟರ್ ನಳಿಕೆ ಬದಲಿಸಿ, ಸೂಜಿಮದ್ದು ಶುರು ಮಾಡಿದರು. ಸೋಂಕು ಕಿಡ್ನಿಗೆ ಏರಿದೆ, ಇನ್ನೊಂದು ಸಲ ಹೀಗಾದರೆ ಇರುವ ಕಿಡ್ನಿಯೂ ದಕ್ಕುವುದಿಲ್ಲ ಎಂದರು. ಮೂತ್ರ ಹಿಂದಕ್ಕೆ ಹರಿದಿದೆ, ಚೀಲ ಮೇಲೆತ್ತುವವರು ಯಾರು ಎಂದು ಕೇಳಿದರು.

"ಇವ್ಳೇ ಸಾ. ಎಷ್ಟ್ ಏಳುದ್ರೂ ಕೇಳಾಕಿಲ್ಲ," ಎಂದು ಕೆಂಪಾಜಮ್ಮ ಸೊಸೆಯತ್ತ ಬೆರಳು ತೋರಿಸಿದಳು.

ರೆಪ್ಪೆ ಕೂಡ ಅಲುಗಲಿಲ್ಲ, ಪುಣ್ಯಾತ್ಗಿತ್ತಿಗೆ. ಹೆತ್ತ ತಾಯಿಯೇನಾ ನೀನು ಎಂದು ಡಾಕ್ಟರ್ ವಾರ್ಡಿನವರೆಲ್ಲ ಕೇಳುವಂತೆ ಪವಿತ್ರಳನ್ನು ಬೈದರು. ಅವಳು ತಲೆ ತಗ್ಗಿಸಿ ಮಗುವಿನ ಹೊದಿಕೆ ಸರಿಮಾಡಿದಳು. ನಿಂಗರಾಜುವಿಗೆ ನಿಜ ಗೊತ್ತಿತ್ತು. ಆ ಧೀರ ಕಿಟಕಿಯಾಚೆ ನೋಡುತ್ತಿದ್ದ.

ಜ್ವರ ಇಳಿದ ಬೆಳಗ್ಗೆ ಮಗು ಎದ್ದು ಕೂತು, ಅಜ್ಜಿಯನ್ನು ಕಂಡು ಎರಡೂ ಕೈ ಚಾಚಿತು. ಕೆಂಪಾಜಮ್ಮನ ಕಣ್ಣು ತುಂಬಿ ಬಂತು. ಅವಳ ಪ್ರೀತಿ ಸುಳ್ಳಲ್ಲ, ಸಿಟ್ಟು ಬರಿಸುವುದೇ ಅದು. ಎತ್ತಿಕೊಳ್ಳಲು ಬಗ್ಗಿದಳು, ರೂಢಿಯಂತೆ ಕೈ ಮೊದಲು ಹೋದದ್ದು ಚೀಲಕ್ಕೆ.

ಪವಿತ್ರ ಆ ಕೈ ಹಿಡಿದಳು. "ಬುಡಿ ಅತ್ತೆ," ಎಂದಳು, ದನಿ ಏರಿಸದೆ. "ಬೈಗುಳ ಬೇಕಾದ್ರೆ ನಾನೇ ತಿಂತೀನಿ. ಕೂಸ ಮಾತ್ರ ಇನ್ನ ನೀವು ಎತ್ಕಬ್ಯಾಡಿ."

ಪಕ್ಕದ ಮಂಚದವರು, ಬಾಗಿಲಲ್ಲಿದ್ದ ನರ್ಸ್, ಎಲ್ಲರೂ ತಿರುಗಿ ನೋಡಿದರು. ಕೆಂಪಾಜಮ್ಮ ಕೈ ಬಿಡಿಸಿಕೊಂಡಳು. ಮಗ ತನ್ನ ಪರ ಒಂದು ಮಾತಾಡಿಯಾನೆಂದು ಅವನ ಮುಖ ನೋಡಿದಳು. ನಿಂಗರಾಜು ತಾಯಿಯನ್ನು ದಾಟಿ ಬಂದು, ಅಳುತ್ತಿದ್ದ ಮಗುವನ್ನು ತಾನೇ ಎತ್ತಿಕೊಂಡು, ಚೀಲವನ್ನು ಮೊಣಕಾಲಿನವರೆಗೆ ಇಳಿಬಿಟ್ಟು, ಎಲ್ಲರ ಎದುರಿಗೇ ವರಾಂಡಕ್ಕೆ ನಡೆದ.